ಜಿಪಿಎಸ್‌ಗೆ ದೋಣಿ ಎಲ್ಲಿದೆ ಅಂತ ಗೊತ್ತು, ಎತ್ತ ಮುಖ ಮಾಡಿದೆ ಅಂತ ಗೊತ್ತಿಲ್ಲ

ಮಳೆಗಾಲ ಶುರುವಾಯಿತು ಅಂದರೆ ಬೆಳಗಾವಿಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ದಿನಾ ಬೆಳಿಗ್ಗೆ ಒಂದು ಪಟ್ಟಿ ಓಡಾಡುತ್ತೆ. ರಕ್ಕಸಕೊಪ್ಪ ಎಷ್ಟು ಅಡಿ, ಹಿಡಕಲ್ ಎಷ್ಟು ಟಿಎಂಸಿ, ನವಿಲುತೀರ್ಥಕ್ಕೆ ಒಳಹರಿವು ಎಷ್ಟು ಕ್ಯುಸೆಕ್. ರಕ್ಕಸಕೊಪ್ಪ 2475 ಅಡಿ ಮುಟ್ಟಿತು ಅಂದರೆ ನಗರದಲ್ಲಿ ಒಂದು ನಿರಾಳ ಭಾವ. ಮಲಪ್ರಭೆಯ ಡ್ಯಾಂ 37.73 ಟಿಎಂಸಿಯ ಹತ್ತಿರ ಬಂತು ಅಂದರೆ ಸವದತ್ತಿಯಿಂದ ನರಗುಂದದವರೆಗೆ ಇನ್ನೊಂದು ನಿರಾಳ.

ಆ ಪಟ್ಟಿಯಲ್ಲಿ ಅಡಿ ಅನ್ನೋದು ಅಳೆದ ಸಂಖ್ಯೆ. ಡ್ಯಾಂನಲ್ಲಿ ಗೇಜ್ ಇರುತ್ತೆ, ನೋಡಿ ಬರೆದುಕೊಳ್ತಾರೆ. ಟಿಎಂಸಿಯನ್ನು ಮಾತ್ರ ಯಾರೂ ಅಳೆಯೋದಿಲ್ಲ. ಅದನ್ನು ಒಂದು ಕೋಷ್ಟಕದಿಂದ ಓದಿ ಹೇಳ್ತಾರೆ: ನೀರು ಇಷ್ಟು ಅಡಿಗೆ ನಿಂತಿದ್ದರೆ ಒಳಗೆ ಇಷ್ಟು ಟಿಎಂಸಿ ಇರಬೇಕು ಅಂತ. ಮೊದಲ ಕೋಷ್ಟಕ ಡ್ಯಾಂ ಕಟ್ಟುವಾಗ ತಯಾರಾಗುತ್ತೆ. ಆಮೇಲೆ ವರ್ಷ ವರ್ಷ ಹೂಳು ಬಂದು ತಳ ಮೇಲೇರುತ್ತೆ, ಕೋಷ್ಟಕ ಹಳತಾಗುತ್ತೆ. ಹೊಸ ಕೋಷ್ಟಕ ಬೇಕು ಅಂದರೆ ಯಾರಾದರೂ ದೋಣಿ ತಗೊಂಡು ನೀರಿನ ಮೇಲೆ ಗೆರೆ ಎಳೆದ ಹಾಗೆ ಹೋಗಿ ಬಂದು, ಸಾವಿರಾರು ಜಾಗದಲ್ಲಿ ಆಳ ಅಳೆಯಬೇಕು. ನದಿ ನೀರಿನ ಜಗಳದಲ್ಲಿ ನಾವು ಘೋಷಣೆ ಕೂಗೋ ಎಷ್ಟೋ ಸಂಖ್ಯೆಗಳು ಕೊನೆಗೆ ಹೋಗಿ ನಿಲ್ಲೋದು ಇಂಥ ಒಂದು ದೋಣಿಯ ಮೇಲೆ.

ಆ ದೋಣಿ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಅರ್ಥವಾಗಿದ್ದು ಖಾನಾಪುರ ಹತ್ತಿರದ ಒಂದು ಕೆರೆಯಲ್ಲಿ, ಅದು ಕೆಲಸ ಮಾಡದೇ ಇದ್ದ ದಿನ.

ಕಾಲೇಜಿನ ಗೆಳೆಯನೊಬ್ಬ ಈಗ ಸರ್ವೆ ಕೆಲಸ ಮಾಡ್ತಾನೆ. ಮೀನು ಹಿಡಿಯೋ ಒಂದು ಫೈಬರ್ ದೋಣಿ ಬಾಡಿಗೆಗೆ ತಗೊಂಡು, ಅದಕ್ಕೆ ಜಿಪಿಎಸ್ ನೋಡಿ ತಾನೇ ಓಡೋ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್ ಮತ್ತು ಆಳ ಅಳೆಯೋ ಎಕೋ ಸೌಂಡರ್ ಕಟ್ಟಿ ಟ್ರಯಲ್ ನೋಡೋಣ ಬಾ ಅಂತ ಕರೆದಿದ್ದ. ಟ್ರೋಲಿಂಗ್ ಅಂದರೆ ನಮ್ಮ ಫೇಸ್‌ಬುಕ್ ಟ್ರೋಲಿಂಗ್ ಅಲ್ಲ. ಗಾಳ ನೀರಿಗೆ ಬಿಟ್ಟು ದೋಣಿಯನ್ನು ಮೆಲ್ಲಗೆ ಸಾಗಿಸುತ್ತಾ ಮೀನು ಹಿಡಿಯೋ ಪದ್ಧತಿ. ಅದಕ್ಕೆ ಸದ್ದಿಲ್ಲದ, ನಿಧಾನದ ಮೋಟಾರ್ ಬೇಕು. ಹಾಗಾಗಿ ಬ್ಯಾಟರಿ ಮೇಲೆ ಓಡೋ ಈ ಚಿಕ್ಕ ಮೋಟಾರ್‌ಗಳು ಬಂದವು. ಆಮೇಲೆ ಅವಕ್ಕೆ ಜಿಪಿಎಸ್ ಸೇರಿತು. ಬಟನ್ ಒತ್ತಿದರೆ ಲಂಗರು ಹಾಕದೆಯೇ ದೋಣಿ ನಿಂತಲ್ಲೇ ನಿಲ್ಲುತ್ತೆ. ಅಮೆರಿಕದ ಮಿನ್ ಕೋಟಾ ಕಂಪನಿ ಇದನ್ನು ಸ್ಪಾಟ್-ಲಾಕ್ ಅಂತ ಕರೆಯುತ್ತೆ. ಬೇರೆಯವರದು ಬೇರೆ ಹೆಸರು, ಕೆಲಸ ಅದೇ. ನಿಧಾನವಾಗಿ, ನೇರ ಗೆರೆಯಲ್ಲಿ ಹೋಗೋದು ಸರ್ವೆಗೂ ಬೇಕಾದ ಗುಣ. ಹಾಗಾಗಿ ಮೀನುಗಾರನ ಯಂತ್ರ ಸರ್ವೇಯರ್ ಕೈಗೂ ಬಂತು.

ನಾವು ದೋಣಿ ಇಳಿಸಿ, ನಿಂತಲ್ಲೇ ನಿಲ್ಲು ಅಂತ ಬಟನ್ ಒತ್ತಿದೆವು. ದೋಣಿ ನಿಲ್ಲಲಿಲ್ಲ. ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು, ಗಾಣದ ಎತ್ತಿನ ಹಾಗೆ ತಿರುಗೋಕೆ ಶುರು ಮಾಡಿತು. ದೋಣಿಯ ಯಜಮಾನ, ಅರವತ್ತು ದಾಟಿದ ಕಾಕಾ, ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದರು: “ಏನ್ರಿ ಸರ, ನಿಮ್ಮ ಮಷಿನ್‌ಗೆ ತಲಿ ತಿರುಗೈತೇನು?”

ಅಕ್ಷರಶಃ ಆಗಿದ್ದು ಅದೇ.

ಎಲ್ಲಿ ಮತ್ತು ಎತ್ತ

ಜಿಪಿಎಸ್ ಎಲ್ಲಾ ಹೇಳುತ್ತೆ ಅನ್ನೋದು ನಮ್ಮ ಸಾಮಾನ್ಯ ನಂಬಿಕೆ. ಅದು ಹೇಳೋದು ಆಂಟೆನಾ ಎಲ್ಲಿದೆ ಅಂತ ಮಾತ್ರ. ಆಂಟೆನಾ ಇರೋ ದೋಣಿಯ ಮೂತಿ ಯಾವ ಕಡೆಗಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತು ಮೊಬೈಲ್ ಮ್ಯಾಪ್ ತೆಗೆದಾಗ ನೀಲಿ ಚುಕ್ಕಿ ಸರಿಯಾದ ಜಾಗದಲ್ಲೇ ಇರುತ್ತೆ, ಆದರೆ ಅದರ ಬಾಣ ಎಲ್ಲೆಲ್ಲೋ ತೋರಿಸುತ್ತಲ್ವಾ? ನಾಲ್ಕು ಹೆಜ್ಜೆ ನಡೆದ ಮೇಲೆ ದಾರಿ ತಪ್ಪಾಯಿತು ಅಂತ ಗೊತ್ತಾಗುತ್ತೆ. ನಡೆದರೆ ಜಿಪಿಎಸ್‌ಗೂ ದಿಕ್ಕು ಸಿಗುತ್ತೆ, ಯಾಕೆಂದರೆ ಹಿಂದಿನ ಚುಕ್ಕಿಗೂ ಈಗಿನ ಚುಕ್ಕಿಗೂ ಗೆರೆ ಎಳೆಯಬಹುದು. ಆದರೆ ನಿಂತ ದೋಣಿಗೆ ಆ ಗೆರೆಯೇ ಇಲ್ಲ. ನಿಧಾನ ಸಾಗೋ ದೋಣಿಗೆ ಗೆರೆ ಇದ್ದರೂ ನಡುಗುತ್ತಿರುತ್ತೆ. ಪಶ್ಚಿಮದ ಗಾಳಿ ಬೀಸುವಾಗ ಮೂತಿ ವಾಯವ್ಯಕ್ಕಿದ್ದು, ದೋಣಿ ಏಡಿ ಹಾಗೆ ಓರೆಯಾಗಿ ಉತ್ತರಕ್ಕೆ ಸಾಗೋದೂ ಉಂಟು.

ಹಾಗಾಗಿ ಈ ಮೋಟಾರ್‌ಗಳು ಜಿಪಿಎಸ್ ಜೊತೆ ಒಂದು ಎಲೆಕ್ಟ್ರಾನಿಕ್ ದಿಕ್ಸೂಚಿಯನ್ನೂ ಇಟ್ಟುಕೊಂಡಿರುತ್ತವೆ. ಜಿಪಿಎಸ್ ಹೇಳುತ್ತೆ: ನೀನು ಇರಬೇಕಾದ ಜಾಗದಿಂದ ಮೂರು ಮೀಟರ್ ದಕ್ಷಿಣಕ್ಕೆ ಸರಿದಿದ್ದೀಯ. ದಿಕ್ಸೂಚಿ ಹೇಳುತ್ತೆ: ಉತ್ತರ ಇರೋದು ಅಲ್ಲಿ. ಮೋಟಾರ್ ಆ ಕಡೆ ತಿರುಗಿ ತಳ್ಳುತ್ತೆ. ಈಗ ದಿಕ್ಸೂಚಿ 20 ಡಿಗ್ರಿ ತಪ್ಪಿದೆ ಅಂದುಕೊಳ್ಳಿ. ದೋಣಿ ಪ್ರತಿ ಸಲ ಸ್ವಲ್ಪ ಓರೆಯಾಗಿ ಹೋಗಿ, ಸುರುಳಿ ಸುತ್ತಿಕೊಂಡು ಕೊನೆಗೆ ಜಾಗ ಸೇರುತ್ತೆ. ತಪ್ಪು 90 ಡಿಗ್ರಿಯ ಹತ್ತಿರ ಬಂದರೆ ಜಾಗ ಸೇರೋದೇ ಇಲ್ಲ, ಸುತ್ತುತ್ತಲೇ ಇರುತ್ತೆ. 90 ದಾಟಿದರೆ ಸುತ್ತು ದೊಡ್ಡದಾಗುತ್ತಾ ದೂರ ಓಡಿಹೋಗುತ್ತೆ. ಡ್ರೋನ್ ಹಾರಿಸೋರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಅವರು ಇದಕ್ಕೆ ಟಾಯ್ಲೆಟ್ ಬೌಲ್ ಅಂತಾರೆ, ಫ್ಲಶ್ ಮಾಡಿದಾಗ ನೀರು ಸುತ್ತೋ ಹಾಗೆ. ನಮ್ಮ ದೋಣಿ ಸುತ್ತಿದ ರೀತಿ ನೋಡಿದರೆ ನಮ್ಮ ದಿಕ್ಸೂಚಿ 90ರ ಆ ಕಡೆಗಿತ್ತು.

ಯಾಕೆ ಅಂತ ಹುಡುಕೋಕೆ ಅರ್ಧ ದಿನ ಹೋಯಿತು. ಅಷ್ಟರಲ್ಲಿ ಬಿಸಿಲೇರಿತ್ತು, ಕಾಕಾ ದಡದಲ್ಲಿ ಊಟ ಮುಗಿಸಿ ಬೀಡಿ ಹಚ್ಚಿದ್ದರು.

ಭೂಮಿಯ ಕಾಂತಕ್ಷೇತ್ರ ನಮ್ಮ ಭಾಗದಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಬಹಳ ದುರ್ಬಲ. ಈಗ ನಮ್ಮ ಮೋಟಾರ್‌ನ ವೈರ್ ನೋಡಿ. 12 ವೋಲ್ಟ್ ಬ್ಯಾಟರಿಯಿಂದ ಪೂರ್ತಿ ವೇಗಕ್ಕೆ ಅದು 50 ಆಂಪಿಯರ್‌ವರೆಗೆ ಎಳೆಯುತ್ತೆ. ಅಷ್ಟು ಕರೆಂಟ್ ಹರಿಯೋ ಒಂಟಿ ವೈರ್‌ನಿಂದ 10 ಸೆಂಟಿಮೀಟರ್ ದೂರದಲ್ಲಿ ಹುಟ್ಟೋ ಕಾಂತಕ್ಷೇತ್ರ 100 ಮೈಕ್ರೊಟೆಸ್ಲಾ. ಪಿಯುಸಿ ಫಿಸಿಕ್ಸ್‌ನ ಸೂತ್ರ, ನೀವೇ ಲೆಕ್ಕ ಹಾಕಬಹುದು. ಅಂದರೆ ವೈರ್ ಪಕ್ಕ ಕೂತ ದಿಕ್ಸೂಚಿಗೆ ಭೂಮಿಗಿಂತ ವೈರೇ ಎರಡೂವರೆ ಪಟ್ಟು ಜೋರಾಗಿ ಕೂಗಿ ಹೇಳುತ್ತೆ, ಉತ್ತರ ನಾನಿರೋ ಕಡೆ ಅಂತ. ಇನ್ನೂ ತಮಾಷೆ ಅಂದರೆ ಈ ತಪ್ಪು ಮೋಟಾರ್ ಓಡುವಾಗ ಮಾತ್ರ ಬರುತ್ತೆ. ಮೋಟಾರ್ ಆಫ್ ಮಾಡಿ ಪರೀಕ್ಷೆ ಮಾಡಿದರೆ ದಿಕ್ಸೂಚಿ ಬಂಗಾರದಂಥದ್ದು. ಆನ್ ಮಾಡಿದ ತಕ್ಷಣ ಸುಳ್ಳು ಹೇಳುತ್ತೆ.

ಮದ್ದು ಸುಲಭದ್ದೇ. ಬ್ಯಾಟರಿಗೆ ಹೋಗೋ ವೈರ್ ಮತ್ತು ಬರೋ ವೈರ್ ಎರಡನ್ನೂ ಜಡೆ ಹೆಣೆದ ಹಾಗೆ ಹೆಣೆದೆವು; ಒಂದರ ಕ್ಷೇತ್ರ ಇನ್ನೊಂದರದ್ದನ್ನು ಹೆಚ್ಚುಕಮ್ಮಿ ಅಳಿಸಿಹಾಕುತ್ತೆ. ದಿಕ್ಸೂಚಿಯನ್ನು ಒಂದು ಪಿವಿಸಿ ಪೈಪಿನ ತುದಿಗೆ ಕಟ್ಟಿ ಮೇಲಕ್ಕೆ ಎತ್ತರಿಸಿದೆವು. ಕಬ್ಬಿಣದ ಲಂಗರು, ಟೂಲ್ ಬಾಕ್ಸ್, ಜೇಬಿನ ಮೊಬೈಲ್, ಗೆಳೆಯನ ಬ್ಲೂಟೂತ್ ಸ್ಪೀಕರ್ ಎಲ್ಲವನ್ನೂ ದೂರ ಇಟ್ಟೆವು. ಸ್ಪೀಕರ್ ಒಳಗೆ ಅಯಸ್ಕಾಂತವೇ ಇರುತ್ತೆ. ಅದು ಇಡೀ ಬೆಳಿಗ್ಗೆ ಸೆನ್ಸರ್‌ನಿಂದ ಒಂದು ಗೇಣು ದೂರದಲ್ಲಿ ಹಾಡುತ್ತಾ ಕೂತಿತ್ತು.

ಆಮೇಲೆ ನಿಜವಾದ ಕ್ಯಾಲಿಬ್ರೇಷನ್. ಗಾಳಿ ಕಡಿಮೆ ಇರೋ ಹೊತ್ತು ನೋಡಿ, ದೋಣಿಯನ್ನು ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಯಾಕೆ ಸುತ್ತು? ದಿಕ್ಸೂಚಿಯೊಳಗೆ ಒಂದಕ್ಕೊಂದು ಲಂಬವಾಗಿರೋ ಸೆನ್ಸರ್‌ಗಳಿರುತ್ತವೆ. ದೋಣಿ ಪೂರ್ತಿ ಸುತ್ತಿದಾಗ ಅವುಗಳ ಅಳತೆಯನ್ನು ಗ್ರಾಫ್‌ನಲ್ಲಿ ಚುಕ್ಕಿ ಇಟ್ಟರೆ ಸೊನ್ನೆಯನ್ನೇ ಕೇಂದ್ರ ಮಾಡಿಕೊಂಡ ಒಂದು ವೃತ್ತ ಬರಬೇಕು. ದೋಣಿಯಲ್ಲಿ ಅಯಸ್ಕಾಂತದಂಥ ವಸ್ತು ಇದ್ದರೆ ವೃತ್ತದ ಕೇಂದ್ರ ಪಕ್ಕಕ್ಕೆ ಸರಿಯುತ್ತೆ. ಇದು ಹಾರ್ಡ್ ಐರನ್ ದೋಷ. ಸಾದಾ ಕಬ್ಬಿಣ ಇದ್ದರೆ ವೃತ್ತ ಅಮುಕಿದ ಮೊಟ್ಟೆಯಾಕಾರ ಆಗುತ್ತೆ. ಸಾಫ್ಟ್ ಐರನ್ ದೋಷ. ಕಂಟ್ರೋಲರ್ ಕೇಂದ್ರ ಎಷ್ಟು ಸರಿದಿದೆ, ವೃತ್ತ ಎಷ್ಟು ಅಮುಕಿದೆ ಅಂತ ಲೆಕ್ಕ ಹಾಕಿಕೊಂಡು, ಮುಂದೆ ಬರೋ ಪ್ರತಿ ಅಳತೆಯಿಂದ ಅದನ್ನು ಕಳೆಯುತ್ತೆ. ಅರ್ಧ ಸುತ್ತು ಮಾಡಿ ಸಾಕು ಅಂದರೆ ಅದಕ್ಕೆ ಅರ್ಧ ವೃತ್ತ ಮಾತ್ರ ಗೊತ್ತು, ಉಳಿದರ್ಧ ಊಹೆ. ಜೋರಾಗಿ ತಿರುಗಿಸಿದರೆ ದೋಣಿ ವಾಲಿ ಅಳತೆ ಕೆಡುತ್ತೆ. ಇದನ್ನೆಲ್ಲ ಲಾಡ್ಜ್ ವರಾಂಡದಲ್ಲೇ ಮುಗಿಸಿಕೊಂಡು ಬರೋಣ ಅನ್ನೋ ಐಡಿಯಾ ನನ್ನದಾಗಿತ್ತು. ಆರ್‌ಸಿಸಿ ನೆಲದೊಳಗೆ ಪೂರ್ತಿ ಕಬ್ಬಿಣದ ಸರಳು ಇರುತ್ತೆ ಅಂತ ಸಿವಿಲ್ ಓದಿದ ಗೆಳೆಯ ನಕ್ಕ.

ಇನ್ನೆರಡು ಸಣ್ಣ ಕೆಲಸ ಉಳಿಯುತ್ತವೆ. ಸೆನ್ಸರ್ ಕಟ್ಟಿದ ದಿಕ್ಕಿಗೂ ದೋಣಿಯ ಮೂತಿಗೂ ಇರೋ ಕೋನವನ್ನು ದೂರದ ಒಂದು ಗುರುತಿಗೆ ಮೂತಿ ಹಿಡಿದು ತಿದ್ದಬೇಕು. ಕಾಂತೀಯ ಉತ್ತರಕ್ಕೂ ಭೂಪಟದ ಉತ್ತರಕ್ಕೂ ಇರೋ ವ್ಯತ್ಯಾಸವನ್ನೂ ಕೊಡಬೇಕು. ನಮ್ಮ ಕಡೆ ಅದು ಒಂದು ಡಿಗ್ರಿ ಆಸುಪಾಸು, ತಲೆಕೆಡಿಸಿಕೊಳ್ಳೋ ಅಷ್ಟಿಲ್ಲ. ಅಮೆರಿಕದ ಕೆಲವು ಕಡೆ 15 ಡಿಗ್ರಿಯವರೆಗೂ ಇದೆ, ಅಲ್ಲಿಯ ಯೂಟ್ಯೂಬ್ ವಿಡಿಯೊ ನೋಡಿ ಅವರ ಸಂಖ್ಯೆಯನ್ನೇ ಹಾಕಿಬಿಟ್ಟರೆ ಕಷ್ಟ. ಕೊನೆಯ ಪರೀಕ್ಷೆ: ನಿಲ್ಲು ಅಂತ ಬಟನ್ ಒತ್ತಿ ಹತ್ತು ನಿಮಿಷ ಬಿಟ್ಟು, ಆ ಹತ್ತು ನಿಮಿಷದ ಜಾಡನ್ನು ನೋಡೋದು. ಸಂಜೆ ನಾಲ್ಕಕ್ಕೆ ನಮ್ಮ ಜಾಡು ಸುರುಳಿ ಬಿಟ್ಟು ಒಂದು ಚುಕ್ಕಿಯ ಸುತ್ತ ಗೊಂಚಲಾಗಿ ಕೂತಿತು.

ತಳ ಅಂದರೆ ಯಾವುದು?

ದೋಣಿ ಗೆರೆ ಹಿಡಿದು ಹೋದರೆ ಅರ್ಧ ಕೆಲಸ ಆಯಿತು. ಇನ್ನರ್ಧ ಆಳ. ಎಕೋ ಸೌಂಡರ್ ನೀರೊಳಗೆ ಶಬ್ದ ಕಳಿಸಿ, ಅದು ತಳಕ್ಕೆ ಬಡಿದು ವಾಪಸ್ ಬರೋ ಸಮಯ ನೋಡುತ್ತೆ. ಸಮಯವನ್ನು ಆಳ ಮಾಡೋಕೆ ಶಬ್ದದ ವೇಗ ಬೇಕು, ಆ ವೇಗ ನೀರಿನ ಉಷ್ಣತೆ ಮೇಲೆ ನಿಂತಿದೆ. 20 ಡಿಗ್ರಿ ಸಿಹಿನೀರಲ್ಲಿ ಸೆಕೆಂಡಿಗೆ 1482 ಮೀಟರ್, 30 ಡಿಗ್ರಿಯಲ್ಲಿ 1509. ಯಂತ್ರದಲ್ಲಿ 1500 ಅಂತ ಇಟ್ಟು ಮರೆತುಬಿಟ್ಟು, ಚಳಿಗಾಲದ ಬೆಳಿಗ್ಗೆ 20 ಡಿಗ್ರಿ ನೀರಿಗೆ ಇಳಿದರೆ, 20 ಮೀಟರ್ ಆಳದಲ್ಲಿ 24 ಸೆಂಟಿಮೀಟರ್ ಜಾಸ್ತಿ ತೋರಿಸುತ್ತೆ. ಇದನ್ನು ಹಿಡಿಯೋಕೆ ಹಳೇ ಉಪಾಯ ಇದೆ: ಅಳತೆ ಗುರುತು ಹಾಕಿದ ಸರಪಳಿಗೆ ಒಂದು ಲೋಹದ ತಟ್ಟೆ ಕಟ್ಟಿ ಸೆನ್ಸರ್ ಕೆಳಗೆ ಇಳಿಬಿಡೋದು. ಸರಪಳಿ ಐದು ಮೀಟರ್ ಅಂದಾಗ ಯಂತ್ರವೂ ಐದು ಅನ್ನಬೇಕು. ಇದಕ್ಕೆ ಬಾರ್ ಚೆಕ್ ಅಂತಾರೆ. ಸರ್ವೆ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ ಬರೆದಿಡೋದು ಒಳ್ಳೆಯ ಪದ್ಧತಿ.

ಸಮಯದ ತಪ್ಪೂ ಇದೆ. ಜಿಪಿಎಸ್ ಮತ್ತು ಸೌಂಡರ್ ನಡುವೆ ಅರ್ಧ ಸೆಕೆಂಡ್ ವ್ಯತ್ಯಾಸ ಇದ್ದು, ದೋಣಿ ಸೆಕೆಂಡಿಗೆ ಎರಡು ಮೀಟರ್ ಹೋಗ್ತಿದ್ದರೆ, ಪ್ರತಿ ಆಳವೂ ಒಂದು ಮೀಟರ್ ಪಕ್ಕದ ಜಾಗಕ್ಕೆ ಬರೆದುಹೋಗುತ್ತೆ. ಸಪಾಟು ತಳದಲ್ಲಿ ಇದು ಗೊತ್ತೇ ಆಗಲ್ಲ. ಖಾನಾಪುರದ ಕಣಿವೆಗಳಂಥ ಇಳಿಜಾರಿದ್ದರೆ, 30 ಡಿಗ್ರಿ ಇಳಿಜಾರಿನಲ್ಲಿ ಒಂದು ಮೀಟರ್ ಪಕ್ಕಕ್ಕೆ ಹೋದರೆ ಆಳ 58 ಸೆಂಟಿಮೀಟರ್ ಬದಲಾಗುತ್ತೆ.

ಆದರೆ ನನ್ನನ್ನು ಕಾಡಿದ್ದು ಬೇರೆ. ಕೆರೆ ನಡುವೆ ಒಂದು ಕಡೆ ನಮ್ಮ ಯಂತ್ರ 3.1 ಮೀಟರ್ ಅಂತ ತೋರಿಸಿತು. ಕಾಕಾ ತಮ್ಮ ಬಿದಿರು ಗಳ ಇಳಿಸಿದರು. ಅದು ಇನ್ನೊಂದು ಮೊಳ ಕೆಳಗೆ ಹೋಗಿ ನಿಂತಿತು. ಯಂತ್ರ ತಪ್ಪಾ, ಗಳ ತಪ್ಪಾ? ಎರಡೂ ಅಲ್ಲ. ಮೇಲಿದ್ದದ್ದು ಅಂಬಲಿಯಂಥ ತೆಳು ರಾಡಿ. 200 ಕಿಲೊಹರ್ಟ್ಸ್ ಶಬ್ದ ಅದರ ಮೇಲ್ಮೈಯಿಂದಲೇ ವಾಪಸ್ ಬರುತ್ತೆ. ಬಿದಿರು ಅದನ್ನು ದಾಟಿ ಗಟ್ಟಿ ನೆಲ ಮುಟ್ಟುತ್ತೆ. 33 ಕಿಲೊಹರ್ಟ್ಸ್ ಥರದ ಕಡಿಮೆ ಕಂಪನಾಂಕದ ಶಬ್ದ ಬಿಟ್ಟಿದ್ದರೆ ಅದೂ ಒಳಗೆ ಇಳಿದು ಬಿದಿರಿನ ಹತ್ತಿರದ ಉತ್ತರ ಕೊಡ್ತಿತ್ತು. ಆ ರಾಡಿಯನ್ನು ನೀರು ಅಂತ ಲೆಕ್ಕ ಹಾಕೋದಾ, ಹೂಳು ಅಂತ ಲೆಕ್ಕ ಹಾಕೋದಾ? ಇದಕ್ಕೆ ಉತ್ತರ ಫಿಸಿಕ್ಸ್‌ನಲ್ಲಿಲ್ಲ, ಸರ್ವೆ ಮಾಡಿಸೋರು ಟೇಬಲ್ ಮುಂದೆ ಕೂತು ತೀರ್ಮಾನ ಮಾಡಬೇಕು. ಕಾಕಾ ಅಂದಿದ್ದು ಇಷ್ಟು: “ಬ್ಯಾಸಗ್ಯಾಗ ಬರ್ರಿ. ಅದ ರಾಡ್ಯಾಗ ನಮ್ಮ ದೋಣಿ ಸಿಗಬೀಳತೈತಿ.”

ತುಂಗಭದ್ರೆಯ ಎರಡು ಉತ್ತರ

ಒಂದು ಕೆರೆಯ ಒಂದು ಮೊಳ ಯಾರಿಗೆ ಬೇಕು ಅನ್ನಿಸಬಹುದು. ಈಗ ಇದನ್ನು ಒಂದು ದೊಡ್ಡ ಜಲಾಶಯಕ್ಕೆ ಹಿಗ್ಗಿಸಿ ನೋಡಿ.

ತುಂಗಭದ್ರಾ ಜಲಾಶಯ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 132.47 ಟಿಎಂಸಿ. 2008ರ ಹೈಡ್ರೋಗ್ರಾಫಿಕ್ ಸರ್ವೆ ಪ್ರಕಾರ 100.855. 2016ರ ಟೊಪೊಗ್ರಾಫಿಕ್ ಸರ್ವೆ ಪ್ರಕಾರ 105.788. ಮತ್ತೊಮ್ಮೆ ಓದಿ. ಎಂಟು ವರ್ಷದಲ್ಲಿ ಸಾಮರ್ಥ್ಯ ಸುಮಾರು 4.93 ಟಿಎಂಸಿ ಜಾಸ್ತಿಯಾಗಿದೆ. ಅಷ್ಟು ಹೂಳನ್ನು ಯಾರೂ ಎತ್ತಿಲ್ಲ, ಅದು ತಾನಾಗಿ ಎದ್ದು ಹೋಗೋದೂ ಇಲ್ಲ. ಬದಲಾಗಿದ್ದು ಅಳತೆ. ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಬೇರೆ ಪದ್ಧತಿ, ಬೇರೆ ಉಪಕರಣ, ಬೇರೆ ನೀರಿನ ಮಟ್ಟ ಇದ್ದರೆ ಬೇರೆ ಉತ್ತರ ಬರೋದು ಸಹಜ. ಪೂರ್ತಿ ತುಂಬಿದಾಗ ಈ ಜಲಾಶಯ ಹರಡೋದು ಸುಮಾರು 378 ಚದರ ಕಿಲೋಮೀಟರ್. ಅದರ ಉದ್ದಗಲಕ್ಕೂ ಆಳದಲ್ಲಿ ಒಂದೇ ದಿಕ್ಕಿನ 10 ಸೆಂಟಿಮೀಟರ್ ತಪ್ಪಾದರೆ, ಅಂದರೆ ನಾಲ್ಕು ಬೆರಳಿನಷ್ಟು, 3.78 ಕೋಟಿ ಘನ ಮೀಟರ್ ವ್ಯತ್ಯಾಸ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ನಾಲ್ಕು ಬೆರಳಿಗೆ 1.3 ಟಿಎಂಸಿ!

ಈ ಅಳತೆ ಮೇಲೆ ನಿಂತಿರೋದೇನು? ಬಚಾವತ್ ನ್ಯಾಯಮಂಡಳಿ ತುಂಗಭದ್ರೆಯಲ್ಲಿ ಕರ್ನಾಟಕಕ್ಕೆ 138.99, ಅವಿಭಜಿತ ಆಂಧ್ರಕ್ಕೆ 73.01 ಟಿಎಂಸಿ ಹಂಚಿತು. ಜಲಾಶಯ ಕಿರಿದಾದಷ್ಟೂ ಆ ಪಾಲು ಕಾಗದದ ಮೇಲೆ ಉಳಿಯುತ್ತೆ. ಹೂಳಿನಿಂದ ಹೋದ ನೀರಿಗೆ ಪರಿಹಾರ ಅಂತಲೇ ನವಲಿ ಬಳಿ ಸಮತೋಲನ ಜಲಾಶಯದ ಪ್ರಸ್ತಾವ ಬಂತು. ಎಷ್ಟು ಹೋಗಿದೆ ಅಂತ ಕೇಳಿದರೆ, 2008ರ ಸರ್ವೆ ಹಿಡಿದರೆ 31 ಟಿಎಂಸಿ ದಾಟುತ್ತೆ, 2016ರದ್ದು ಹಿಡಿದರೆ 27ರ ಒಳಗೆ.

ಈಗ ಖಾನಾಪುರಕ್ಕೆ ವಾಪಸ್ ಬರೋಣ. ಮಲಪ್ರಭೆ ಹುಟ್ಟೋದು ಈ ತಾಲ್ಲೂಕಿನ ಕಣಕುಂಬಿಯಲ್ಲಿ. ಖಾನಾಪುರ ಪಟ್ಟಣದ ಪಕ್ಕದಲ್ಲೇ ಹರಿದು, ನವಿಲುತೀರ್ಥದಲ್ಲಿ ಡ್ಯಾಂ ಸೇರಿ, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರಾಗುತ್ತೆ. ಆ ಡ್ಯಾಂ ಎಷ್ಟೋ ವರ್ಷ ತುಂಬೋದಿಲ್ಲ ಅನ್ನೋ ಕಾರಣಕ್ಕೇ ಕಳಸಾ-ಬಂಡೂರಿ ಯೋಜನೆ ಬಂತು, 2015ರಿಂದ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕೊಟ್ಟ ತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸೋಕೆ ಸಿಕ್ಕಿದ್ದು 3.9 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. ಒಂದು ಕಡೆ ಅದಕ್ಕಾಗಿ ಲಾಠಿ ಏಟು ತಿಂದ ರೈತರು. ಇನ್ನೊಂದು ಕಡೆ ಈ ಕಾಡು ಹೋದರೆ ನಮ್ಮ ಹೊಳೆಗಳೇ ಹೋಗುತ್ತವೆ ಅನ್ನೋ ಖಾನಾಪುರದ ಜನ, ಗೋವಾದ ತಕರಾರು, ವನ್ಯಜೀವಿ ಮಂಡಳಿಯ ಅನುಮತಿ. ಇಷ್ಟೆಲ್ಲ ಜಗಳದ ಆ 3.9 ಟಿಎಂಸಿಗಿಂತ, ತುಂಗಭದ್ರಾ ಒಂದೇ ಡ್ಯಾಂನ ಎರಡು ಸರ್ವೆಗಳ ನಡುವಿನ ವ್ಯತ್ಯಾಸ ದೊಡ್ಡದು.

ಎರಡೂ ಬೇರೆ ಬೇರೆ ನದಿ, ಅದು ನನಗೂ ಗೊತ್ತು. ತುಂಗಭದ್ರೆಯ ಅಳತೆ ಸರಿಹೋದರೆ ಮಲಪ್ರಭೆಗೆ ಒಂದು ಬಿಂದಿಗೆ ನೀರೂ ಜಾಸ್ತಿ ಬರಲ್ಲ. ನಾನು ಹೇಳ್ತಿರೋದು ನಮ್ಮ ರಾಜಕೀಯದ ಬಗ್ಗೆ. ನೀರಿನ ಹಂಚಿಕೆಯಲ್ಲಿ ದಶಮಾಂಶದ ನಂತರದ ಎರಡು ಅಂಕಿಗೂ ನಾವು ಬಂದ್ ಮಾಡ್ತೀವಿ, ವಕೀಲರನ್ನು ಇಡ್ತೀವಿ. ಆ ನೀರು ನಿಲ್ಲೋ ಪಾತ್ರೆ ಎಷ್ಟು ದೊಡ್ಡದು ಅಂತ ಅಳೆದ ದೋಣಿಯ ಬಗ್ಗೆ ಒಂದು ಪ್ರಶ್ನೆ ಕೇಳಲ್ಲ. 37.73 ಅಂತ ನಾವು ಮಲಪ್ರಭೆ ಬಗ್ಗೆ ಓದ್ತೀವಲ್ಲ, ಆ ಡ್ಯಾಂ ಕಟ್ಟಿ ಐವತ್ತು ವರ್ಷ ದಾಟಿದೆ. ಪಟ್ಟಿ ಕಳಿಸೋ ಅಣ್ಣನಿಗೂ, ಓದೋ ನಮಗೂ ಅದೊಂದು ಮಂತ್ರ ಆಗಿಬಿಟ್ಟಿದೆ.

ಯಾವ ಪ್ರಶ್ನೆ ಕೇಳಬೇಕು ಅಂತ ಆ ಕೆರೆಯಲ್ಲಿ ಕಳೆದ ದಿನ ನನಗೆ ಕಲಿಸಿತು. ನವಿಲುತೀರ್ಥ ಇರಲಿ, ಹಿಡಕಲ್ ಇರಲಿ, ರಕ್ಕಸಕೊಪ್ಪ ಇರಲಿ: ಕೊನೆಯ ಸಾಮರ್ಥ್ಯ ಸರ್ವೆ ಯಾವ ವರ್ಷದ್ದು? ನೀರಿನ ಮಟ್ಟ ಆಗ ಎಷ್ಟಿತ್ತು? ಗೆರೆಗಳ ನಡುವೆ ಎಷ್ಟು ಮೀಟರ್ ಅಂತರ, ಅಡ್ಡ ಗೆರೆ ಹಾಕಿ ತಾಳೆ ನೋಡಿದಾಗ ವ್ಯತ್ಯಾಸ ಎಷ್ಟು ಬಂತು? ಬಾರ್ ಚೆಕ್ ದಾಖಲೆ ಎಲ್ಲಿ? ಯಾವ ಕಂಪನಾಂಕದಲ್ಲಿ ಆಳ ಅಳೆದರು, ಅಂದರೆ ರಾಡಿಯನ್ನು ಯಾವ ಲೆಕ್ಕಕ್ಕೆ ಹಾಕಿದರು? ಎತ್ತರವನ್ನು ಯಾವ ಬೆಂಚ್‌ಮಾರ್ಕ್‌ನಿಂದ ತಗೊಂಡರು? ಈ ಕೊನೆಯದು ಚಿಲ್ಲರೆ ಪ್ರಶ್ನೆ ಅಲ್ಲ. ಜಿಪಿಎಸ್ ಲೆಕ್ಕ ಹಾಕೋ ಮೂಲ ಎತ್ತರಕ್ಕೂ ಸಮುದ್ರಮಟ್ಟದಿಂದ ನಾವು ಅಳೆಯೋ ಎತ್ತರಕ್ಕೂ ದಕ್ಷಿಣ ಭಾರತದಲ್ಲಿ ಎಂಬತ್ತು ಮೀಟರ್ ಆಸುಪಾಸು ವ್ಯತ್ಯಾಸ ಇದೆ. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತೆ. ಅದನ್ನು ತಿದ್ದುವಾಗ ಉಳಿದುಹೋಗೋ ಹತ್ತಿಪ್ಪತ್ತು ಸೆಂಟಿಮೀಟರ್ ಯಾರ ಕಣ್ಣಿಗೂ ಬೀಳಲ್ಲ.

ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ದಾಖಲೆ ಪರಿಶೀಲಿಸೋದು ಮಾತ್ರವಲ್ಲ, ಕಂಪ್ಯೂಟರ್‌ನಲ್ಲಿರೋ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯೋದೂ ನಿಮ್ಮ ಹಕ್ಕು. ಹಾಗಾಗಿ ಬರೀ ವರದಿಯ ಜೆರಾಕ್ಸ್ ಕೇಳಬೇಡಿ, ದೋಣಿಯ ಜಾಡು ಮತ್ತು ಆಳದ ಮೂಲ ಫೈಲ್ ಕೇಳಿ. ಜಾಡು ಮ್ಯಾಪ್ ಮೇಲೆ ಹಾಕಿದರೆ ದೋಣಿ ಗೆರೆ ಹಿಡಿದಿತ್ತೋ, ಗಾಣದೆತ್ತಿನ ಹಾಗೆ ಸುತ್ತಿತ್ತೋ ನಿಮಗೇ ಕಾಣುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಆದ್ದರಿಂದ ಒಂದು ಡ್ಯಾಂಗೆ ಒಂದು ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ.